ಹೊಟ್ಟಿನ ರಾಶಿಯ ವಿಭೂತಿ

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ ನಾನು ಶಿಗ್ಗಾಂವ ತಾಲ್ಲೂಕಿನಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ಅದಕ್ಕೆ ಮುನ್ನ ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಗಳಲ್ಲಿಯೂ ಸೇವೆ ಸಲ್ಲಿಸಿದ್ದರಿಂದ ಬಣವೆಯ ಬೆಂಕಿ, ಹತ್ತಿ ಜಿನ್ನಿನ ಬೆಂಕಿ, ಗೋವಿನಜೋಳದ ಗೋದಾಮಿನ ಬೆಂಕಿ ಎಲ್ಲವನ್ನೂ ಕಂಡಿದ್ದೆ. ಜ್ವಾಲೆ ತೋರದೆ ಒಳಗೊಳಗೇ ಉರಿದ ಬೆಂಕಿಯೊಂದನ್ನು ಕಂಡದ್ದು ಬಂಕಾಪುರದಿಂದ ಹಾನಗಲ್ಲಿಗೆ ಹೋಗುವ ದಾರಿಯ, ಮರ ಕೊಯ್ಯುವ ಒಂದು ಸಾಮಿಲ್ಲಿನ ಹಿತ್ತಲಿನಲ್ಲಿ. ಅದನ್ನು ನೆನೆದರೆ ಇಂದಿಗೂ ಹೇಸಿಕೆಯಾಗುತ್ತದೆ.

ಮಳೆಗಾಲ ಮುಗಿಯುತ್ತ ಬಂದಿತ್ತು. ಮಿಲ್ಲಿನ ಹಿಂದೆ ಹೊಗೆ ಏಳುತ್ತಿದೆ, ವಾಸನೆ ತಡೆಯಲಾಗುತ್ತಿಲ್ಲ ಎಂದು ರಸ್ತೆಯ ಚಹಾ ಅಂಗಡಿಯವರು ಫೋನ್ ಮಾಡಿದರು. ನಾನೂ ನಮ್ಮ ಫೈರ್‌ಮನ್ ಮಹಬೂಬಸಾಬರೂ ನೀರಿನ ವಾಹನ, ಜೀಪು ಸಮೇತ ಹೋದೆವು. ಮಹಬೂಬಸಾಬರು ಸವಣೂರಿನವರು, ನನ್ನೊಡನೆ ಬಹುಕಾಲ ದುಡಿದವರು.

ತಗಡಿನ ಸೂರಿಗಿಂತ ಎತ್ತರವಾಗಿ ಮರದ ಹೊಟ್ಟಿನ ರಾಶಿ ಬಿದ್ದಿತ್ತು. ಹೊಟ್ಟಿನೊಡನೆ ಹಸಿ ತೊಗಟೆ, ಯಂತ್ರ ಒರೆಸಿದ ಎಣ್ಣೆಯ ಚಿಂದಿ, ಉಂಡೆಸೆದ ಎಲೆಗಳು, ಗುಟ್ಕಾ ಚೀಟಿಗಳು. ಸೀದ ಬೆಲ್ಲಕ್ಕೆ ಹಳಸಿದ ಗಂಜಿ ಸುರಿದಂಥ ವಾಸನೆ ಗಂಟಲಿಗೆ ಅಂಟುತ್ತಿತ್ತು. ನಮ್ಮ ಇಲಾಖೆಯಲ್ಲಿ ಇದಕ್ಕೆ ‘ಸೆಲ್ಫ್ ಹೀಟಿಂಗ್’ ಎನ್ನುತ್ತಾರೆ. ಒದ್ದೆ ಹೊಟ್ಟಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಶಾಖ ಹುಟ್ಟುತ್ತದೆ. ರಾಶಿ ತಗ್ಗಾಗಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಎತ್ತರವಾಗಿದ್ದರೆ ಹೊಟ್ಟೆಯಲ್ಲೇ ಉಳಿದು ಏರುತ್ತ ಹೋಗಿ, ಯಾರೂ ಕಡ್ಡಿ ಗೀರದೆ ಕೆಂಡವಾಗುತ್ತದೆ. ಕೆಂಡ ತಿಂದ ಕಡೆ ಪೊಳ್ಳು. ಪೊಳ್ಳಿನ ಮೇಲೆ ತೆಳುವಾದ ಚಾವಣಿ. ಅದರ ಮೇಲೆ ಕಾಲಿಟ್ಟವರು ಕೆಂಡದೊಳಗೆ ಇಳಿಯುತ್ತಾರೆ.

ಆ ಚಾವಣಿಯ ಮೇಲೆ ಒಬ್ಬ ಮುದುಕಿ ನಿಂತಿದ್ದಳು.

ಅವಳ ಮುಂದೆ ಕುಂಕುಮ ಬಳಿದ ಕರಿಯ ಕಲ್ಲು. ಕೊಡದಿಂದ ಅದಕ್ಕೆ ನೀರೆರೆಯುತ್ತ, ಪಕ್ಕದ ಬಿರುಕಿನಿಂದ ಬಿಳಿ ಬೂದಿಯನ್ನು ಮೊರಕ್ಕೆ ತೋಡಿಕೊಳ್ಳುತ್ತಿದ್ದಳು. ಕೆಳಗೆ ಹತ್ತಿಪ್ಪತ್ತು ಜನ ಕೈಮುಗಿದಿದ್ದರು. ಎಲ್ಲರ ಹಣೆಯಲ್ಲೂ ಆ ಬೂದಿ.

ಮಿಲ್ಲಿನ ಮಾಲೀಕ ರುದ್ರಗೌಡರು ನಗುತ್ತ ಎದುರು ಬಂದರು. “ಬರ್ರಿ ಸಾಹೇಬ್ರ. ನೀವೂ ಲಿಂಗಾ ಕಟ್ಟಿದವ್ರು. ಮೊದಲ ಕಾಯಿ ಒಡಸ್ರಿ, ಆಮ್ಯಾಲ ಮಾತಾಡೂಣು. ನಮ್ಮ ಹೊಟ್ಟಿನ್ಯಾಗ ಪರಮಾತ್ಮ ಎದ್ದಾನ್ರಿ. ವಿಭೂತಿ ತಾನ ಬರಾಕತ್ತೈತಿ.”

“ರಾಶಿ ಒಳಗ ಸುಡಾಕತ್ತೈತಿ ಗೌಡ್ರ. ಮ್ಯಾಲ ಇಷ್ಟಿಷ್ಟ ನೀರು ಹಾಕಿದಷ್ಟೂ ಮತ್ತಷ್ಟು ಕಾಯ್ತೈತಿ. ಇವತ್ತ ಬಿಚ್ಚಬೇಕು.”

“ದೇವರು ಕುಂತ ಜಾಗಾ ಬಿಚ್ಚಾಕ ಬರ್ತೈತೇನ್ರಿ? ತಗೀರಿ ಅಂತ ಪಂಚಾಯ್ತಿಯವ್ರೂ ನೋಟೀಸ್ ಕೊಟ್ಟಿದ್ರು. ದೇವರು ಬಂದದ್ದ ನೋಡಿ ಕೈಮುಗದು ಹೋದ್ರು.”

ಮಹಬೂಬಸಾಬರು ನನ್ನ ಕಿವಿಯ ಬಳಿ ಬಾಗಿದರು. “ನೋಟೀಸ್ ಬಂದ ಮರುದಿನಾನ ಬಂದಾನಂತ್ರಿ. ಭಾಳ ಕಾಯ್ದೆ ತಿಳದ ದೇವರು.”

ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದಿದವನು. ಶುದ್ಧ ಗೋಮಯವನ್ನು ಒಣಗಿಸಿ, ಸುಟ್ಟು, ಸೋಸಿ, ಮಂತ್ರಪೂರ್ವಕವಾಗಿ ಗಟ್ಟಿ ಕಟ್ಟಿದ್ದನ್ನು ಮಾತ್ರ ವಿಭೂತಿ ಎಂದು ಹಣೆಗೆ ತಂದವನು. ಎಂಜಲೆಲೆಯೂ ಎಣ್ಣೆಚಿಂದಿಯೂ ಸುಟ್ಟ ಬೂದಿ ಇಲ್ಲಿ ಆ ಹೆಸರಿನಲ್ಲಿ ಹಂಚಿಕೆಯಾಗುತ್ತಿತ್ತು. ಆಗ ರುದ್ರಗೌಡರ ಹಣೆಯನ್ನು ನೋಡಿದೆ. ಅಲ್ಲಿ ಮೂರು ನೇರವಾದ, ನುಣುಪಾದ ಗೆರೆಗಳು. ಮನೆಯಲ್ಲಿ ಗಟ್ಟಿಯಿಂದ ತೇಯ್ದು ಹಚ್ಚಿಕೊಂಡು ಬಂದವು. ರಾಶಿಯ ಬೂದಿಯ ಒಂದು ಕಣವೂ ಅವರ ಮೈಮೇಲಿರಲಿಲ್ಲ. ಈ ಮನುಷ್ಯನಿಗೆ ಎಲ್ಲವೂ ತಿಳಿದಿತ್ತು.

“ಗೌಡ್ರ,” ಎಂದೆ, ಎಲ್ಲರಿಗೂ ಕೇಳುವಂತೆ, “ಆ ಮುದುಕೀನ ಕೆಳಗ ಕರೀರಿ. ನೀವು ಹತ್ತಿ, ನಿಮ್ಮ ಕೈಯಾರೆ ಒಂದ ಚಿಟಿಕಿ ತಂದು ಹಚ್ಚಿಕೊಳ್ರಿ. ನಾನೂ ಹಚ್ಚಿಕೊಂಡು, ಗಾಡಿ ತಿರುಗಿಸಿಕೊಂಡು ಹೋಗ್ತೇನಿ.”

ಅವರ ನಗು ಆರಿತು. “ನನಗ ಮೊಣಕಾಲ ಬ್ಯಾನಿ ಐತ್ರಿ.”

“ನಿನ್ನಿ ಟ್ರ್ಯಾಕ್ಟರಿಗೆ ಜಿಗದು ಹತ್ತಿದ್ಯಲ್ಲೋ ಗೌಡಾ!” ಎಂದಳು ಗುಂಪಿನಲ್ಲಿದ್ದ ಒಬ್ಬ ಹೆಂಗಸು. ಯಾರೋ ಕಿಸಕ್ಕೆಂದರು. ಕೈಮುಗಿದವರ ಕೈಗಳು ಒಂದೊಂದಾಗಿ ಇಳಿದವು.

ಮೇಲಿದ್ದವಳು ನೀಲವ್ವ, ಮಿಲ್ಲಿನ ಕಸ ಗುಡಿಸುವವಳು. ಹಗುರವಾಗಿದ್ದಾಳೆಂದು ಗೌಡರೇ ಅವಳನ್ನು ಪೂಜೆಗೆ ನೇಮಿಸಿದ್ದರಂತೆ. ಆ ಮಾತು ಕೇಳಿದ ಮೇಲೆ ನನಗೆ ಅವರ ಮುಖ ನೋಡುವುದಾಗಲಿಲ್ಲ. ಹಗುರವಾದವಳೇ ಏಕೆ ಬೇಕೆಂಬುದನ್ನು ಅರಿತವನಿಗೆ ಒಳಗಿನ ಪೊಳ್ಳೂ ಗೊತ್ತು.

“ಅವ್ವಾ, ಅಲ್ಲೇ ನಿಂದ್ರು, ಹೆಜ್ಜಿ ಕಿತ್ತಬ್ಯಾಡ!” ಎಂದು ಕೂಗಿದ ಮಹಬೂಬಸಾಬರು ನಮ್ಮ ಏಣಿಯನ್ನು ರಾಶಿಯ ಇಳಿಜಾರಿನ ಮೇಲೆ ಮಲಗಿಸಿದರು. ಏಣಿ ಭಾರವನ್ನು ಹರಡುತ್ತದೆ. ಕಾಲೂರಿದರೆ ಕುಸಿಯುವ ನೆಲ ಏಣಿಯ ಮೇಲೆ ತೆವಳಿದರೆ ಸ್ವಲ್ಪ ತಡೆದೀತು. ನಾನು ಕೆಳಗೆ ಪೈಪು ಹಿಡಿದು ನಿಂತೆ. ಅವರು ಎದೆಯೂರಿ ಮೇಲೇರಿ ಕೈ ಚಾಚಿದರು.

“ಕೊಡಾ ಬಿಡಾಂಗಿಲ್ರಿ, ದೇವರದೈತಿ,” ಎಂದಳು ನೀಲವ್ವ.

“ದೇವರ ಕೊಡಾ ದೇವರು ತರ್ತಾನ. ಅಂವಗ ಕೈಕಾಲು ಭಾಳ ಅದಾವು. ನೀ ಬಾ ನಮ್ಮವ್ವಾ.”

ಅವಳು ಕೊಡವನ್ನು ಕಲ್ಲಿಗೆ ಒರಗಿಸಿ, ಬಗ್ಗಿ, ಏಣಿಗೆ ಮೈಯೊಡ್ಡಿದಳು. ಇಬ್ಬರೂ ತೆವಳುತ್ತ ಅರ್ಧ ಇಳಿದಿರಬೇಕು, ಮೇಲೆ ಹಪ್ಪಳ ಮುರಿದಂಥ ಸದ್ದಾಯಿತು. ಅವಳು ನಿಂತಿದ್ದ ಜಾಗವೇ ಒಳಗಿಳಿಯಿತು. ಕಲ್ಲೂ ಕೊಡವೂ ಮರೆಯಾದವು. ಬಾಯ್ದೆರೆದ ಕುಳಿಗೆ ಗಾಳಿ ಹೊಕ್ಕೊಡನೆ ಕೆಂಪು ಬೆಳಕು ಭುಗಿಲೆದ್ದಿತು. ನಾನು ಅವರಿಬ್ಬರ ಬೆನ್ನಿನ ಮೇಲಿಂದ ನೀರು ಹಾಯಿಸಿದೆ. ಮಹಬೂಬಸಾಬರು ನೀಲವ್ವನನ್ನು ಅಪ್ಪಿಕೊಂಡೇ ಜಾರಿ ನೆಲಕ್ಕೆ ಬಂದರು.

ಉಳಿದದ್ದು ನಾವು ತರಿಸಿದ ಜೆಸಿಬಿಯ ಕೆಲಸ. ಅಂಚಿನಿಂದ ಪದರಪದರವಾಗಿ ಎಳೆದು, ಬಯಲಿಗೆ ಹರಡಿ, ಪ್ರತಿ ಪದರಕ್ಕೂ ನೀರುಣಿಸಿದೆವು. ಒಳಗೆ ಒಂದು ಎಮ್ಮೆ ಮಲಗುವಷ್ಟು ಪೊಳ್ಳಿತ್ತು. ಸತ್ತ ಇಲಿಗಳು, ಕರಗಿದ ಪ್ಲಾಸ್ಟಿಕ್, ಜಿಡ್ಡಿನ ಗಂಟುಗಳು ಹೊರಬಂದವು. ಹಣೆಗೆ ಬೂದಿ ಹಚ್ಚಿದ್ದವರು ಅದನ್ನು ನೋಡಿ ಸೆರಗಿನಿಂದ, ತೋಳಿನಿಂದ ಒರೆಸಿಕೊಂಡರು.

ನೀಲವ್ವ ಒರೆಸಿಕೊಳ್ಳಲಿಲ್ಲ. ನನ್ನ ಬಳಿ ಬಂದು ಸಣ್ಣ ದನಿಯಲ್ಲಿ ಕೇಳಿದಳು: “ಮೊಮ್ಮಗಳಿಗೆ ಜ್ವರಾ ಐತ್ರಿ. ಮುಂಜಾನೆ ಅದನ್ನ ಹಾಲಾಗ ಕದಡಿ ಕುಡಿಸೇನ್ರಿ ಸಾಹೇಬ್ರ. ಏನಾರ ಆಕ್ಕೈತೇನ್ರಿ?”

ಅಜ್ಜಿ ಮೊಮ್ಮಗಳಿಬ್ಬರನ್ನೂ ನಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕಳುಹಿಸಿದೆ. ಮಗು ಎರಡು ಬಾರಿ ವಾಂತಿ ಮಾಡಿಕೊಂಡು, ಶಿವನ ದಯೆಯಿಂದ, ಚೇತರಿಸಿಕೊಂಡಿತು. ಸಂಜೆ ಆಸ್ಪತ್ರೆಯಿಂದ ಬಂದ ಈ ಸುದ್ದಿ ಹೇಳಲು ಗೌಡರನ್ನು ಹುಡುಕಿದರೆ ಅವರು ಗೇಟಿನ ಬಳಿ ಫೋನಿನಲ್ಲಿದ್ದರು. “ಒಂದ ಪೈಸಾ ಖರ್ಚಿಲ್ದ ಹಿತ್ತಲಾ ಸ್ವಚ್ಛ ಆತು ನೋಡು,” ಎಂದು ಯಾರಿಗೋ ಹೇಳುತ್ತಿದ್ದರು. ನನ್ನನ್ನು ಕಂಡು ಕೈಮುಗಿದರು. ನಾನು ಮುಗಿಯಲಿಲ್ಲ. ಅವರ ಮೇಲಿನ ವರದಿಯನ್ನು ಒಂದಕ್ಷರವೂ ಮೃದುಗೊಳಿಸದೆ ಬರೆದು ಕಳುಹಿಸಿದೆ. ಅವರಿಗೆ ಬಂದದ್ದು ಎಚ್ಚರಿಕೆಯ ಪತ್ರ ಮಾತ್ರ.

ಹೊಟ್ಟನ್ನು ತಗ್ಗಾಗಿ ಹರಡಬೇಕು, ಆಗಾಗ ಮಗುಚಬೇಕು, ಎಣ್ಣೆಚಿಂದಿ ಬೆರೆಸಬಾರದು, ಬಿಸಿಯಾದ ರಾಶಿಯ ಮೇಲೆ ಹತ್ತಬಾರದು. ಇಷ್ಟನ್ನು ಅಗ್ನಿಶಾಮಕ ವೃತ್ತಿ ಯಾರಿಗಾದರೂ ಕಲಿಸುತ್ತದೆ. ನನಗೆ ಅದು ಇನ್ನೊಂದನ್ನು ಕಲಿಸಿತು. ಐದು ದಶಕ ಕಣ್ಮುಚ್ಚಿ ವಿಭೂತಿ ಧರಿಸಿದವನು ನಾನು. ಆ ದಿನದಿಂದೀಚೆಗೆ, ಲಿಂಗಪೂಜೆಗೆ ಕುಳಿತಾಗ, ಗಟ್ಟಿಯನ್ನು ಹಣೆಗೆ ಒಯ್ಯುವ ಮುನ್ನ ಒಮ್ಮೆ ಮೂಸಿ ನೋಡುತ್ತೇನೆ. ನೋಡಿದ್ದಕ್ಕೆ ಶಿವನಲ್ಲಿ ಕ್ಷಮೆ ಬೇಡಿ, ಆಮೇಲೆ ಹಚ್ಚಿಕೊಳ್ಳುತ್ತೇನೆ.