ಮೊದಲ ತುತ್ತಿನ ಒಡೆಯ

ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಕಟ್ಟಳೆಯಿತ್ತು. ಬೆಳಗಿನ ಮೊದಲ ಬ್ರೆಡ್ಡು ಒಲೆಯಿಂದ ಹೊರಬಂದಾಗ ಅದನ್ನು ಬೇಯಿಸಿದವನೇ ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ಬರಬೇಕು. ಗಿರಾಕಿಗಳ ಎದುರು ಮುರಿದು ತಿನ್ನಬೇಕು. ಅವನು ತಲೆಯಾಡಿಸಿದ ಮೇಲೆಯೇ ವ್ಯಾಪಾರ. ಅಲ್ಲಿಯವರೆಗೆ ಹಸಿದವನೂ, ಅವಸರದವನೂ, ಅಳುವ ಕೂಸನ್ನು ಸೊಂಟಕ್ಕೇರಿಸಿಕೊಂಡವಳೂ ತೆಪ್ಪಗೆ ನಿಂತಿರಬೇಕು.

ಈ ಸಿಂಹಾಸನದಲ್ಲಿ ಬಹುಕಾಲ ಕೂತವನು ಒಲೆರಾಯ. ಹೆಸರು ಬೀದಿ ಕೊಟ್ಟದ್ದು. ಮೊಣಕೈವರೆಗೆ ಹಿಟ್ಟಿನ ಕವಚ, ಕೈಯಲ್ಲಿ ಉದ್ದ ಹಿಡಿಯ ಮರದ ಸಲಿಕೆ, ಬೆಂಕಿಗೆ ಹುಬ್ಬು ಒಪ್ಪಿಸಿದ ಮುಖ. ಅವನಿಗೆ ಕೆಲಸ ಕಲಿಸಿದವನು ಹೆಣ್ಣು ಕೊಟ್ಟ ಮಾವ. ಮಾವ ಹೋದ ಮೇಲೆ ಗಲ್ಲಾಪೆಟ್ಟಿಗೆ ಭಾಮೈದನಿಗೆ ಹೋಯಿತು, ಒಲೆ ಇವನಿಗೆ ಉಳಿಯಿತು. ಒಲೆ ಬಿಟ್ಟರೆ ಈ ಮಹಾರಾಯನಿಗೆ ಬೇರೆ ರಾಜ್ಯವಿರಲಿಲ್ಲ.

ದಂಗೆ ಎದ್ದಿದ್ದು ಹೊಟ್ಟೆಯಲ್ಲಿ. ಮೊದಲು ಗುಡುಗು, ಆಮೇಲೆ ಉಬ್ಬರ, ಆಮೇಲೆ ಓಟ. ಬೇಕರಿಯಲ್ಲಿ ಎಲ್ಲ ಬಾಗಿಲುಗಳ ಚಿಲಕವೂ ತುಕ್ಕು ಹಿಡಿದಿತ್ತು. ಹಿತ್ತಿಲ ಪಾಯಿಖಾನೆಯದು ಮಾತ್ರ ಥಳಥಳ ಹೊಳೆಯುತ್ತಿತ್ತು.

ಬ್ರೆಡ್ ಮುಟ್ಟದ ರಜಾದಿನಗಳಲ್ಲಿ ದಂಗೆಯ ಅಬ್ಬರ ಕಡಿಮೆ ಎಂಬುದನ್ನು ಕಂಡುಹಿಡಿದವಳು ಹೆಂಡತಿ.

"ರೀ, ಸ್ವಲ್ಪ ದಿನ ಅದನ್ನ ಬಿಟ್ಟು ನೋಡ್ರಿ."

ಮನೆಯಲ್ಲಿ ಬಿಡುವುದು ಸುಲಭವಾಯಿತು. ಅಂಗಡಿ ಬಾಗಿಲಲ್ಲಿ? ಅಲ್ಲಿ ರಾಯ ಮುರಿದ, ಜಗಿದ, ತಲೆಯಾಡಿಸಿದ. ಆಮೇಲೆ ಬೆವರು ಒರೆಸುವ ನೆಪದಲ್ಲಿ ತುತ್ತನ್ನು ಹೆಗಲಿನ ಟವೆಲ್ಲಿಗೆ ಉಗಿದ. ತಿಂಗಳುಗಟ್ಟಲೆ ಈ ನಾಟಕ ನಡೆಯಿತು. ಹೊಟ್ಟೆಯ ಅರ್ಧ ಗಲಾಟೆ ತಣ್ಣಗಾಯಿತು, ಅರ್ಧ ಹಾಗೇ ಉಳಿಯಿತು. ಉಳಿದರ್ಧಕ್ಕೆಂದು ಡಾಕ್ಟರ ಬಳಿ ಹೊರಟಾಗ ಭಾಮೈದ ಪ್ರೀತಿಯಿಂದ ಜೊತೆಗೆ ಬಂದ. ಕೇಡಾದದ್ದು ಅದರಿಂದಲೇ.

"ಗೋಧಿ ಆಗದೇ ಇರೋ ಕಾಯಿಲೆ ಒಂದಿದೆ. ರಕ್ತ ಪರೀಕ್ಷೆ ಮಾಡ್ಸೋಣ," ಎಂದರು ಡಾಕ್ಟರು. "ಆದ್ರೆ ನೀವು ಬ್ರೆಡ್ ತಿಂತಾ ಇದ್ರೆ ಮಾತ್ರ ಅದು ಸಿಕ್ಕಿಬೀಳೋದು. ತಿಂತಾ ಇದ್ದೀರಾ?"

ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಳ್ಳೇ ಕೇಳಿದ್ರಿ ಡಾಕ್ಟ್ರೇ! ನಮ್ಮ ಅಂಗಡಿ ನಡೀತಿರೋದೇ ಇವ್ರ ಬಾಯಿಂದ. ಹೇಳಿ ಭಾವ!"

ಭಾವ ಎದೆಯುಬ್ಬಿಸಿದ. "ದಿನಾ. ಮೊದಲ ತುತ್ತು ನಂದೇ."

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. "ಇದು ಐಬಿಎಸ್. ಕರುಳು ಸ್ವಲ್ಪ ಸಿಡುಕು, ಅಷ್ಟೇ. ಟೆನ್ಶನ್ ಮಾಡ್ಕೋಬೇಡಿ," ಎಂದು ಕಳಿಸಿದರು.

"ಟವೆಲ್ ವಿಷಯ ಹೇಳಿದ್ರಾ?" ಎಂದಳು ಹೆಂಡತಿ.

"ಪಕ್ಕದಲ್ಲೇ ನಿನ್ ತಮ್ಮ ಕೂತಿದ್ದ. ಮಾಡೋನೇ ಉಗೀತಾನೆ ಅಂತ ಹೇಳ್ಲಾ?"

ಬ್ರೆಡ್ ನಿರಪರಾಧಿ ಎಂದು ತೀರ್ಪಾದ ಮೇಲೆ ರಾಯ ಟವೆಲ್ಲನ್ನು ಒಗೆದು ಹಾಕಿ, ಮತ್ತೆ ಗಂಟಲು ತುಂಬ ನುಂಗತೊಡಗಿದ. ವರ್ಷಗಳು ಉರುಳಿದವು. ಪ್ಯಾಂಟು ನಿಲ್ಲಲು ದಾರ ಬೇಕಾಯಿತು. ಮುಖದ ಬಿಳುಪು ಹಿಟ್ಟಿನದ್ದೆಂದು ನಾವೆಲ್ಲ ನಂಬಿದ್ದೆವು. ಭಾನುವಾರ ಸ್ನಾನ ಮಾಡಿ ಬಂದಾಗಲೂ ಹಾಗೇ ಇತ್ತು. ಸುಸ್ತೇ? ಐಬಿಎಸ್. ತಲೆಸುತ್ತೇ? ಐಬಿಎಸ್. ಆ ಮೂರಕ್ಷರ ಎಲ್ಲದಕ್ಕೂ ಹಾಕುವ ಮುಚ್ಚಳವಾಯಿತು. ಒಂದು ಬೆಳಿಗ್ಗೆ ಬನ್ನಿನ ಟ್ರೇ ಎತ್ತುವಾಗ ಮಣಿಕಟ್ಟು ಲಟಕ್ಕೆಂದಿತು. ಹಿಟ್ಟಿನ ಮೂಟೆ ಹೊತ್ತ ಕೈ, ಬನ್ನಿಗೆ ಮುರಿಯಿತು.

ಮೂಳೆ ಡಾಕ್ಟರಿಗೆ ಅನುಮಾನ ಬಂದು ಕರುಳಿನ ಡಾಕ್ಟರಮ್ಮನ ಬಳಿ ಕಳಿಸಿದರು. ಈ ಸಲ ಜೊತೆಗೆ ಹೋದವಳು ಹೆಂಡತಿ. ಕೂತವಳೇ ಟವೆಲ್ಲಿನ ಕಥೆಯನ್ನೆಲ್ಲ ಒದರಿದಳು. ಡಾಕ್ಟರಮ್ಮ ಹಳೆಯ ಪರೀಕ್ಷೆಯ ಚೀಟಿಯನ್ನು ಪಕ್ಕಕ್ಕೆ ತಳ್ಳಿದರು. ಮತ್ತೆ ರಕ್ತ ತೆಗೆಸಿದರು, ಗಂಟಲಿಂದ ಕೊಳವೆ ಇಳಿಸಿ ನೋಡಿದರು.

"ಕರುಳಿನ ಒಳಗಡೆ ಹೊಸ ಟವೆಲ್ ಥರ ಎಳೆ ಎಳೆ ಇರ್ಬೇಕು. ನಿಮ್ದು ನೆಲ ಒರೆಸೋ ಬಟ್ಟೆ ಥರ ಸವೆದಿದೆ. ಇದೇ ಆ ಗೋಧಿ ಆಗದ ಕಾಯಿಲೆ, ಸೀಲಿಯಾಕ್ ಅಂತಾರೆ. ಬ್ರೆಡ್ ಪೂರ್ತಿ ಬಿಡ್ಬೇಕು. ಹಿಟ್ಟಿನ ಧೂಳೂ ಬಾಯಿಗೆ ಹೋಗ್ಬಾರ್ದು."

"ಅಂದ್ರೆ ಒಲೆ?"

"ಒಲೇನೂ."

"ಬಿಟ್ರೆ ಹೊಟ್ಟೆ ಸರಿಹೋಗುತ್ತಾ?"

"ಕರುಳು ಚೇತರಿಸ್ಕೊಳ್ಳುತ್ತೆ," ಎಂದರು ಆಕೆ. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂಬುದು ರಾಯನಿಗೆ ಆಗ ಹೊಳೆಯಲಿಲ್ಲ.

ರಾಜ ಪಟ್ಟ ಇಳಿದ. ಸಲಿಕೆಯನ್ನು ಗೋಡೆಗೊರಗಿಸಿ, ಕವಚ ತೊಳೆದುಕೊಂಡು, ಮನೆಯ ಕಿಟಕಿಯಲ್ಲಿ ಕೂತ. ಗೋಧಿಯ ನೆರಳೂ ಸೋಕದಂತೆ ಹೆಂಡತಿ ಅಡುಗೆಮನೆಗೆ ಕಾವಲು ನಿಂತಳು. ಮುಂದಿನ ವರ್ಷದ ಪರೀಕ್ಷೆಗಳಲ್ಲಿ ಕರುಳು ಚಿಗುರಿತ್ತು, ರಕ್ತ ಕೆಂಪಗಾಗಿತ್ತು. ಗುಡುಗು, ಓಟ ಮಾತ್ರ ನಿಂತಿರಲಿಲ್ಲ.

"ಮೊದಲನೇ ಡಾಕ್ಟ್ರು ಹೇಳಿದ್ದೂ ಸುಳ್ಳಲ್ಲ," ಎಂದರು ಡಾಕ್ಟರಮ್ಮ. "ನಿಮಗೆ ಐಬಿಎಸ್ಸೂ ಇದೆ. ಎರಡೂ ಒಂದೇ ಥರ ಕಾಡೋದ್ರಿಂದ ಒಂದರ ಹಿಂದೆ ಇನ್ನೊಂದು ಕಾಣ್ಲಿಲ್ಲ. ಇದಕ್ಕೆ ಹೊಂದ್ಕೊಂಡು ಹೋಗ್ಬೇಕು."

"ಒಲೆ ಕೊಟ್ಟೆನಲ್ಲಾ ಮೇಡಂ," ಎಂದ ರಾಯ.

ಅತ್ತ ಬೇಕರಿಯಲ್ಲಿ ಒಲೆಗೆ ಬಂದ ಹೊಸಬನು ತಿಂದು ತಲೆಯಾಡಿಸಿದರೆ ಗಿರಾಕಿಗಳಿಗೆ ನಂಬಿಕೆ ಬರುತ್ತಿರಲಿಲ್ಲ. ಭಾಮೈದ ಕೈ ಹೊಸೆಯುತ್ತ ಬಂದ.

"ಭಾವ, ಬೆಳಿಗ್ಗೆ ಒಂದ್ಸಲ ಬಾಗಿಲ ಹೊರಗೆ ನಿಂತ್ಕೊಳ್ಳಿ. ತಿನ್ಬೇಡಿ, ಮುಟ್ಲೂಬೇಡಿ. ಸುಮ್ನೆ ಬಾಯಾಡಿಸಿ ತಲೆಯಾಡ್ಸಿ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ," ಎಂದ ರಾಯ. "ನಿಂಗೇ ಗೊತ್ತಾಗಿರ್ಲಿಲ್ಲ."

ಭಾಮೈದನಿಗೆ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಹೊಸಬ ಬ್ರೆಡ್ ಮುರಿದ. ಮೆಟ್ಟಿಲ ಕೆಳಗೆ ಒಗೆದ ಅಂಗಿ ತೊಟ್ಟು ನಿಂತಿದ್ದ ರಾಯ ಖಾಲಿ ಬಾಯನ್ನು ನಿಧಾನವಾಗಿ, ಬಲು ಗಾಂಭೀರ್ಯದಿಂದ ಜಗಿದ. ಕಣ್ಣು ಮುಚ್ಚಿದ. ನುಂಗಿದ. ತಲೆಯಾಡಿಸಿದ. ಸಾಲು ಅವನನ್ನು ದಾಟಿಕೊಂಡು ಒಳಗೆ ನುಗ್ಗಿತು.

ಮನೆ ತಲುಪುವಷ್ಟರಲ್ಲಿ ಅವನು ಓಡುತ್ತಿದ್ದ.

"ರೀ, ಏನು ತಿಂದ್ರಿ?" ಹೆಂಡತಿ ಗಾಬರಿಯಿಂದ ಪಾಯಿಖಾನೆಯ ಬಾಗಿಲು ಬಡಿದಳು. "ಅಲ್ಲೇನಾದ್ರೂ ತಿಂದ್ರಾ?"

"ಏನೂ ಇಲ್ಲ ಕಣೇ," ಒಳಗಿನಿಂದ ದನಿ ಬಂತು. "ಏನೂ ತಿಂದಿಲ್ಲ."