ಗುಂಡಿಗೆ ಬಳಿದ ಗಂಧ

ಇವತ್ತು ಆಯುಧಪೂಜೆ. ಬೆಳಿಗ್ಗೆ ಮಂಚದ ಕೆಳಗೆ ಗುಡಿಸಲು ಹೋಗಿ ಅತ್ತಿಗೆಯ ಬೌಲಿಂಗ್ ಚೆಂಡನ್ನು ಕಾಲ್ಬೆರಳ ಮೇಲೆ ಉರುಳಿಸಿಕೊಂಡೆ. ಬೆರಳು ಊದಿ ಬದನೆಕಾಯಿಯಾಗಿದೆ. ಕುಂಟುತ್ತಲೇ ಹೇಳುತ್ತೇನೆ, ಕೇಳಿ.

ಅತ್ತಿಗೆ ಚಿಂತಾಮಣಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾರೆ. ಭಾನುವಾರ ಬಂತೆಂದರೆ ಚಿಕ್ಕಬಳ್ಳಾಪುರದ ಹೆದ್ದಾರಿ ಬದಿಯ ಬೌಲಿಂಗ್ ಹಾಲ್‌ಗೆ ಹೊರಡುತ್ತಾರೆ. ಉದ್ದನೆಯ ಹಲಗೆಯ ಮೇಲೆ ಚೆಂಡು ಉರುಳಿಸಿ, ತುದಿಯಲ್ಲಿ ನಿಲ್ಲಿಸಿದ ಹತ್ತು ಕಡ್ಡಿಗಳನ್ನು ಕೆಡವುವ ಆಟ ಅದು. ಚೀಲ ಹೊರಲು ನಾನು. ನಾನೂ ಆಡುತ್ತೇನೆ, ಆದರೆ ನನ್ನ ಚೆಂಡಿಗೆ ಹಲಗೆಯ ಪಕ್ಕದ ಮೋರಿಯ ಮೇಲೇ ಮೋಹ. ಆ ಹಾಲ್‌ನವರು ಹಲಗೆಗೆ ಎಣ್ಣೆ ಹಚ್ಚುವುದರಲ್ಲಿ ಬಲು ಜಿಪುಣರು. ಎಣ್ಣೆಯಿದ್ದರೆ ಚೆಂಡು ಜಾರುತ್ತದೆ. ಹಲಗೆ ಒಣಗಿದ್ದರೆ ಅದನ್ನು ಕಚ್ಚಿ ಬೇಗನೆ ಎಡಕ್ಕೆ ತಿರುಗಿಬಿಡುತ್ತದೆ. ಅದಕ್ಕೇ ಅತ್ತಿಗೆ ಅಂಗಡಿಯವನು ಹೊಗಳಿದ ದುಬಾರಿ ಚೆಂಡುಗಳನ್ನೆಲ್ಲ ಬಿಟ್ಟು, ನುಣುಪಾದ ಸಾದಾ ಚೆಂಡೊಂದನ್ನು ಆರಿಸಿಕೊಂಡಿದ್ದರು. ಕೊಂಚ ಎಡಕ್ಕೆ ನಿಂತು, ಬಲಕ್ಕೆ ಗುರಿಯಿಟ್ಟು, ಮಣಿಕಟ್ಟು ತಿರುಗಿಸದೆ ಎಸೆಯುವುದನ್ನು ರೂಢಿಸಿಕೊಂಡಿದ್ದರು. ಬೆಂಗಳೂರಿನ ಪಂದ್ಯಕ್ಕೆ ಹೋಗುವ ಹೆಂಗಸರ ತಂಡದಲ್ಲಿ ಸೇರಬೇಕು ಎಂಬುದು ಅವರ ಆಸೆ. ತಮಗಾಗಿ ಅವರು ಬೇರೇನನ್ನೂ ಬಯಸಿದ್ದನ್ನು ನಾನು ಕಂಡಿಲ್ಲ.

ಅಮ್ಮನಿಗೆ ಸೊಸೆಯ ಈ ಆಟ ಹಿಡಿಸಿರಲಿಲ್ಲ. "ಗುಂಡು ಉರುಳಿಸಕ್ಕೆ ಅಷ್ಟು ದೂರ ಹೋಗ್ಬೇಕಾ? ಮನೇಲಿ ರುಬ್ಬೋ ಗುಂಡಿಲ್ವಾ?" ಎನ್ನುತ್ತಿದ್ದಳು. ಅಂಥವಳು ಹೋದ ವರ್ಷದ ಆಯುಧಪೂಜೆಯಲ್ಲಿ ಅಣ್ಣನ ಸ್ಕೂಟರಿನ ಜೊತೆಗೆ ಚೆಂಡಿಗೂ ಧಾರಾಳವಾಗಿ ಗಂಧ ಬಳಿದು, ಕುಂಕುಮವಿಟ್ಟು, ಚೆಂಡು ಹಿಡಿಯಲು ಹೆಬ್ಬೆರಳು ತೂರಿಸುವ ತೂತಿಗೆ ಸೇವಂತಿಗೆ ಸಿಕ್ಕಿಸಿದಳು. ಮರುದಿನವೇ ತಂಡದ ಆಯ್ಕೆ. ಅಮ್ಮನೂ ನಮ್ಮ ಜೊತೆ ಬಸ್ಸು ಹತ್ತಿದಳು.

ಹಾಲ್‌ನಲ್ಲಿ ಚೀಲ ಬಿಚ್ಚಿದರೆ ಗಂಧ ಒಣಗಿ ಚೆಂಡೆಲ್ಲ ತರಿತರಿ. ನುಣುಪು ಎಲ್ಲಿಂದ ಬರಬೇಕು?

"ಒರೆಸಿಬಿಡಿ ಅತ್ತಿಗೆ," ಎಂದು ಪಿಸುಗುಟ್ಟಿದೆ.

"ಅತ್ತೆ ಅಲ್ಲೇ ಕೂತವ್ರೆ ಕಣೋ. ಮೊದಲ್ನೇ ಸಲ ನನ್ ಆಟಕ್ಕೊಂದು ಹೂವು ಇಟ್ಟವ್ರೆ. ಹೆಂಗೋ ಒರೆಸ್ಲಿ?"

ಹೂವನ್ನಷ್ಟೇ ತೆಗೆದು ಮುಡಿದುಕೊಂಡು ಆಡಿದರು. ಚೆಂಡು ಸರಕ್ಕನೆ ಎಡಕ್ಕೆ ತಿರುಗಿ ಮೋರಿಗೆ ಬಿತ್ತು. ಇನ್ನಷ್ಟು ಎಡಕ್ಕೆ ಸರಿದರು, ಜೋರಾಗಿ ಎಸೆದರು, ಮತ್ತೆ ಮೋರಿ. ಅಮ್ಮ ಗಾಬರಿಯಾಗಿ ನನ್ನನ್ನು ಕೇಳಿದಳು. ಇದ್ದದ್ದು ಹೇಳಿದೆ. ಅವಳು ಎದ್ದು ಹೋಗಿ ಚೆಂಡನ್ನು ತನ್ನ ಸೆರಗಿನಿಂದಲೇ ತಿಕ್ಕಿದಳು. "ದೇವ್ರು ಬೈಯಲ್ಲಮ್ಮ, ಆಡು."

ಆಮೇಲೆ ಕಡ್ಡಿಗಳು ದಡದಡ ಉರುಳಿದವು. ಆದರೆ ಹೋದ ಅಂಕ ಬರಲಿಲ್ಲ. ಅತ್ತಿಗೆಗೆ ತಂಡ ತಪ್ಪಿತು. ನನಗೆ ಅಳು ಬಂದಿತ್ತು. ಬಸ್ಸಿನಲ್ಲಿ ಅಮ್ಮ ಊರು ಬರುವವರೆಗೂ ಸೆರಗಿಗೆ ಅಂಟಿದ್ದ ಗಂಧವನ್ನು ಉಜ್ಜುತ್ತಲೇ ಇದ್ದಳು. ಅತ್ತಿಗೆ ಅವಳ ಹೆಗಲಿಗೊರಗಿ ನಿದ್ದೆ ಹೋದರು.

ನಾಳೆ ಮತ್ತೆ ಆಯ್ಕೆ. ಈಗ ತಾನೇ ಅಮ್ಮ ಗಂಧದ ಬಟ್ಟಲು ಹಿಡಿದು ಚೆಂಡಿನ ಮುಂದೆ ನಿಂತಳು. ಅತ್ತಿಗೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಕೈ ಕೊಡಮ್ಮ," ಎಂದ ಅಮ್ಮ, ಸೊಸೆಯ ಬಲ ಮಣಿಕಟ್ಟಿಗೆ ಗಂಧ ಬಳಿದು ಕುಂಕುಮ ಇಟ್ಟಳು.