ಡ್ರೈವರ್ ಹಿಂದಿನ ಸೀಟು

ದಸ್ತಗೀರ್ ಸಾಬ್ರು ಕಾರು ಪರೀಕ್ಷೆ ಮಾಡುವುದನ್ನು ಮೊದಲ ಸಲ ನೋಡಿದವರು, ಪಾಪ, ಈ ಮನುಷ್ಯನಿಗೆ ಮೈಯಲ್ಲಿ ಹುಷಾರಿಲ್ಲ ಎಂದೇ ತಿಳಿಯುತ್ತಿದ್ದರು. ಅವರು ಮೊದಲಿಗೆ ಬಾನೆಟ್ ಎತ್ತುತ್ತಿರಲಿಲ್ಲ, ಟೈರಿಗೆ ಒದೆಯುತ್ತಿರಲಿಲ್ಲ, ಸ್ಟೇರಿಂಗ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹಿಂದಿನ ಬಾಗಿಲು ತೆಗೆದು ಕೂತು, ತಲೆ ಆನಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ಗಾಡಿಯನ್ನು ಬೇರೆಯವರು ಓಡಿಸಬೇಕು. ಪಾವಗಡದ ಬಟ್ಟೆ ಅಂಗಡಿಯವರೊಬ್ಬರು ತಮ್ಮ ಕಾರು ಮಾರಲು ನಿಂತಿದ್ದವರು ತಡೆಯಲಾರದೆ, "ಏಮಂಡಿ ಸಾಬ್ರೇ, ಗಾಡಿ ನೋಡಕ್ಕೆ ವಚ್ಚಾರಾ, ನಿದ್ದೆ ಮಾಡಕ್ಕಾ?" ಎಂದು ತೆಲುಗು ಬೆರೆಸಿ ಕೇಳಿಯೇಬಿಟ್ಟರು. ಸಾಬ್ರು ಕಣ್ಣು ತೆರೆಯದೆ, "ಎಲ್ಡಕ್ಕೂ" ಎಂದರು.

ಸಿರಾದಲ್ಲಿ ಹಳೆಯ ರಸ್ತೆಯ ಪಕ್ಕ ಅವರದೊಂದು ತಗಡಿನ ಶೆಡ್ಡು, ಮುಂದೊಂದು ಹುಣಸೆಮರ. ಮೆಕ್ಯಾನಿಕ್ಕು. ಆದರೆ ಸುತ್ತಿನ ತಾಲ್ಲೂಕುಗಳವರು ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಹಳೆಯ ಕಾರು ಕೊಳ್ಳುವ ಮುಂಚೆ ಒಂದು ಮಾತು ಕೇಳಲು. ದಾರ ಕಟ್ಟಿದ ಕನ್ನಡಕ, ಮಾಸಿದ ಖಾಕಿ ಅಂಗಿ, ತಲೆಗೆ ಮಾತ್ರ ಸದಾ ಒಗೆದ ಬಿಳಿ ಟೋಪಿ. ಇಷ್ಟು ಜನಕ್ಕೆ ಕಾರು ಆರಿಸಿಕೊಟ್ಟವರು ಓಡಾಡುತ್ತಿದ್ದದ್ದು ಒಂದು ಹಳೆಯ ಮೊಪೆಡ್ಡಿನಲ್ಲಿ. ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಹುಲಿಕುಂಟೆಯಿಂದ ಬರುವ ನಮ್ಮ ಸಹೋದ್ಯೋಗಿಯೊಬ್ಬರು, "ಸಾಬ್ರನ್ನ ಕೇಳ್ದೆ ತಗೋಬ್ಯಾಡಿ ಸಾರ್" ಎಂದು ನನ್ನನ್ನು ಅಲ್ಲಿಗೆ ಕಳಿಸಿದರು.

ಕಾರು ನನಗೆ ಶೋಕಿಗೆ ಬೇಕಾಗಿರಲಿಲ್ಲ. ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಕೊರಟಗೆರೆ ಮೇಲೆ ತುಮಕೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ಹಿಂಡಿದ ನಿಂಬೆಹಣ್ಣಿನ ಹಾಗೆ ಆಗಿರುತ್ತಿದ್ದಳು. ಒಂದು ದಿನ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೇ ಕುಸಿದಳು. ಕಂಡಕ್ಟರೂ ನಾನೂ ಸೇರಿ ಎತ್ತಿ ಕೂರಿಸಿದೆವು. ಕಣ್ಣು ಬಿಟ್ಟ ಕೂಡಲೇ, "ನಂಗೇನೂ ಆಗಿಲ್ಲ ಕಣಪ್ಪ, ಚೆನ್ನಾಗಿವ್ನಿ" ಎಂದಳು. ಅವತ್ತು ಸಂಜೆಯೇ ನಾನೂ ನನ್ನ ಹೆಂಡತಿ ಜಯಳೂ ಕಾರಿನ ತೀರ್ಮಾನಕ್ಕೆ ಬಂದೆವು. ಹೊಸದು ನಮ್ಮ ಕೈಗೆ ಎಟುಕುವ ಮಾತಲ್ಲ. ಹಳೆಯದಾಗಬೇಕು, ಪೆಟ್ರೋಲು ಕುಡಿಯಬಾರದು, ಮಗಳೂ ಸೇರಿ ನಾಲ್ಕು ಜನ ಹಿಡಿಸಬೇಕು.

ಪಾವಗಡದ ಬಟ್ಟೆ ಅಂಗಡಿಯವರ ಆ ಕೆಂಪು ಕಾರು ನನಗೆ ನೋಡಿದ ತಕ್ಷಣ ಹಿಡಿಸಿಬಿಟ್ಟಿತ್ತು. ಚಿಕ್ಕದು, ಮೈಗೆ ಒಂದು ಗೀರಿಲ್ಲ, ಮೈಲೇಜು ಭರ್ತಿ ಎಂದು ಮಾಲೀಕರು ಆಣೆ ಇಟ್ಟು ಹೇಳಿದ್ದರು. ಮಗಳು ಆಗಲೇ ಅದರ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿಯಾಗಿತ್ತು. ಸಾಬ್ರನ್ನು ಕರೆದದ್ದು ಒಂದು ಶಾಸ್ತ್ರಕ್ಕೆ. ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮನೇರನ್ನೆಲ್ಲ ಕರ್ಕಂಡ್ ಬನ್ನಿ. ತುಮಕೂರ್ಗೆ ಹೋಗೋವಾಗ ಏನೇನ್ ಒಯ್ತೀರೋ ಅದ್ನೂ ತನ್ನಿ." ಅದಕ್ಕೇ ಅಮ್ಮನ ಜೊತೆ ಅವಳ ದಿಂಬು, ಹೊದಿಕೆ, ಊಟದ ಕ್ಯಾರಿಯರ್, ಆಸ್ಪತ್ರೆಯ ಫೈಲು ಎಲ್ಲವೂ ಪಾವಗಡಕ್ಕೆ ಸವಾರಿ ಬಂದಿದ್ದವು. ನೋಡಿದವರು ಮನೆ ಖಾಲಿ ಮಾಡಿಕೊಂಡು ಬಂದಿದ್ದಾರೆ ಎನ್ನಬೇಕು, ಹಾಗೆ.

ಹಿಂದೆ ಕೂತು ಕಣ್ಣು ಮುಚ್ಚಿದ್ದು ಮುಗಿದ ಮೇಲೆ ಸಾಬ್ರು ಕೆಳಗಿಳಿದು, "ಈಗ ನೀವ್ ನೀವ್ ಹೆಂಗ್ ಕೂರ್ತೀರೋ ಅಂಗೆ ಕೂತ್ಕಳಿ" ಎಂದರು. ನಾನು ಸ್ಟೇರಿಂಗ್ ಹಿಡಿದೆ. ಅಮ್ಮನನ್ನು ನನ್ನ ಪಕ್ಕ ಮುಂದಿನ ಸೀಟಿನಲ್ಲಿ ಕೂರಿಸಿದೆ. ಹಿರಿಯರನ್ನು ಹಿಂದೆ ಹಾಕುವುದುಂಟೇ? ನಮ್ಮ ಕಡೆ ಯಾರ ಮನೆಯ ಕಾರು ನೋಡಿದರೂ ಅಜ್ಜಿಯೋ ತಾತನೋ ಮುಂದೆಯೇ ಇರುತ್ತಾರೆ. ಸಾಬ್ರು ಹಿಂದೆ ಜಯ ಮತ್ತು ಮಗಳ ಪಕ್ಕ ಮುದುರಿಕೊಂಡರು. ಊರಾಚೆ ನಾಗಲಮಡಿಕೆ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದೆವು. "ಹೆಂಗಮ್ಮಾ?" ಎಂದು ನಾನು ಹೆಮ್ಮೆಯಿಂದ ಕೇಳಿದೆ. "ಚೆನ್ನಾಗೈತೆ ಕಣಪ್ಪ" ಎಂದಳು.

"ಇದು ಬ್ಯಾಡ ಬುಡಿ ಮೇಷ್ಟ್ರೆ" ಎಂದರು ಸಾಬ್ರು.

ನನಗೆ ಪಿತ್ತ ನೆತ್ತಿಗೇರಿತು. ಮಾಲೀಕರ ಎದುರು ಮಾತು ಕೊಟ್ಟವನು ನಾನು. "ಕೂತ್ಕೊಳ್ಳೋರೇ ಚೆನ್ನಾಗಿದೆ ಅಂತಿದಾರೆ. ನಾನು ತಗೊಳ್ಳೋದು ಕಾರಾ, ಸೋಫಾನಾ ಸಾಬ್ರೇ?" ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದರು: "ಅಮ್ಮಾವ್ರ್ ಎಡಗೈಗೆ ಪಟ್ಟಿ ಹಾಕವ್ರಲ್ಲ, ಏನದು?"

ಅದು ಡಯಾಲಿಸಿಸ್ ಸೂಜಿ ಚುಚ್ಚುವ ಕೈ, ಅದಕ್ಕೆ ಭಾರ ಬೀಳಬಾರದು ಎಂದು ಡಾಕ್ಟರು ನೂರು ಸಲ ಹೇಳಿದ್ದಾರೆ ಎಂದೆ.

"ದಾರಿಯುದ್ದಕ್ಕೂ ಅದೇ ಕೈಯಾಗೆ ಮೇಲಿನ್ ಹಿಡಿ ಹಿಡ್ಕಂಡು ಜೋತಾಡ್ತಿದ್ರು. ಮುಂದೆ ಕೂತ್ರೆ ಬಾಗ್ಲು ಎಡಕ್ಕೆ, ಹಿಡೀನೂ ಎಡಕ್ಕೆ. ಇನ್ಯಾವ್ ಕೈಯಾಗೆ ಹಿಡಿತಾರೆ ಯೋಳಿ? ಬಾಯಿ ನೋಡ್ಬ್ಯಾಡಿ ಮೇಷ್ಟ್ರೆ, ಕೈ ನೋಡಿ. ತಕ್ಲೀಫ್ ಇರೋರು ಬಾಯಾಗೆ ಯೋಳಲ್ಲ."

ನಾನು ತಿರುಗಿ ನೋಡಿದೆ. ಕಾರಿನ ಪಕ್ಕ ನಿಂತ ಅಮ್ಮ ಸೆರಗಿನೊಳಗೆ ಎಡಗೈಯನ್ನು ಬಲಗೈಯಿಂದ ಮೆಲ್ಲಗೆ ಒತ್ತಿಕೊಳ್ಳುತ್ತಿದ್ದಳು. ಹೆತ್ತ ತಾಯಿಯ ಕೈಯನ್ನು ಮೂರನೆಯವರು ತೋರಿಸಬೇಕಾಯಿತಲ್ಲ ಎಂದು ನನಗೆ ಅಳು ಬಂತು. ಸಾಬ್ರ ಪ್ರಕಾರ ಅವಳ ಜಾಗ ಡ್ರೈವರ್ ಹಿಂದಿನ ಸೀಟು. ಅಲ್ಲಿ ಹಿಡಿ ಬಲಗೈಗೆ ಸಿಗುತ್ತದೆ, ಎಡಗೈ ದಿಂಬಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಆದರೆ ಆರಡಿ ಎತ್ತರದ ನಾನು ಓಡಿಸಲು ಕೂತರೆ ಆ ಕೆಂಪು ಕಾರಿನಲ್ಲಿ ನನ್ನ ಹಿಂದೆ ಒಂದು ಮಗು ಕಾಲು ಚಾಚುವಷ್ಟೂ ಜಾಗ ಉಳಿಯುತ್ತಿರಲಿಲ್ಲ.

ಆಮೇಲೆ ಒಂದು ತಿಂಗಳು ಸಾಬ್ರು ನನ್ನ ಜೊತೆ ಅಲೆದರು. ಕೊನೆಗೆ ಕೊರಟಗೆರೆಯಲ್ಲಿ ಸಿಕ್ಕಿದ್ದು ಬೂದಿ ಬಣ್ಣದ, ಎತ್ತರದ ಮಾಡಿನ, ನೋಡಲು ಬ್ರೆಡ್ಡಿನ ಡಬ್ಬಿಯಂಥ ಒಂದು ಕಾರು. ಮಗಳು ಮುಖ ಊದಿಸಿದಳು. ಬಾಗಿಲು ಅಗಲಕ್ಕೆ ತೆರೆಯುತ್ತಿತ್ತು, ಸೀಟು ಅಮ್ಮನ ಸೊಂಟದ ಮಟ್ಟಕ್ಕೇ ಇತ್ತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಸುಮ್ಮನೆ ಕೂತು ತಿರುಗಿಕೊಂಡರಾಯಿತು. ಮೈಲೇಜಿನ ವಿಷಯದಲ್ಲಿ ಸಾಬ್ರು ಯಾರ ಆಣೆಯನ್ನೂ ನಂಬುವವರಲ್ಲ. ಟ್ಯಾಂಕು ಕುತ್ತಿಗೆಮಟ್ಟ ತುಂಬಿಸಿ, ಎಲ್ಲರನ್ನೂ ಕೂರಿಸಿ, ಎಸಿ ಹಾಕಿಸಿ, ತುಮಕೂರಿಗೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಕುತ್ತಿಗೆಮಟ್ಟ ತುಂಬಿಸಿದರು. "ಒಬ್ನೇ ಓಡ್ಸಿ ಮೈಲೇಜ್ ಯೋಳೋದು ಉಪಾಸ ಇದ್ದು ತೂಕ ನೋಡ್ದಂಗೆ" ಎಂದು ನಕ್ಕರು. ಕೆಂಪು ಕಾರಿನ ಮಾಲೀಕರು ಹೇಳಿದ್ದಷ್ಟು ಬರಲಿಲ್ಲ, ನಮ್ಮ ಕೈಗೆ ಎಟುಕುವಷ್ಟು ಬಂತು. ಅವತ್ತು ಬರುವಾಗ ಕೊರಟಗೆರೆ ದಾಟುವ ಮುಂಚೆಯೇ ಅಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಸಾಬ್ರು ಮುಂದಿನ ಸೀಟಿನಿಂದ ಹಿಂದೆ ತಿರುಗಿ ನೋಡಿ, "ಬಸ್, ಸಾಕು, ಇದನ್ನೇ ತಗಳಿ" ಎಂದರು.

ಮೂರು ವರ್ಷ ಆ ಸೀಟು ಅಮ್ಮನದಾಗಿತ್ತು. ಸರ್ವೀಸಿಗೆ ಸಿರಾಕ್ಕೆ ಹೋದಾಗಲೆಲ್ಲ ಅವಳು ಕಡಲೆಬೀಜದ ಉಂಡೆ ಕಟ್ಟಿ ಕಳಿಸುತ್ತಿದ್ದಳು. ಸಾಬ್ರು ಡಬ್ಬಿ ತೆಗೆದುಕೊಂಡು ಮೊದಲು ಅವಳ ಜಾಗದಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು, ಆಮೇಲೆ ಬಾನೆಟ್ಟು. ಅಮ್ಮ ಹೋದ ಮೇಲೆ ನಾನು ಒಂದು ಸಲ ಹೋದಾಗ ಅವರು ಅಲ್ಲಿ ಕೂರಲಿಲ್ಲ. ಬಾಗಿಲು ತೆಗೆದು, ಸೀಟನ್ನು ಅಂಗೈಯಿಂದ ಸವರಿ, ಮೆಲ್ಲಗೆ ಮುಚ್ಚಿದರು.

ಹೋದ ವರ್ಷ ಅವರ ಮಗಳು ನಸೀಮಾ ಫೋನ್ ಮಾಡಿದಳು. ಸಾಬ್ರ ಹೊಟ್ಟೆಯಲ್ಲಿ ಗಡ್ಡೆ, ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು. "ನಮ್ಮ ಅಬ್ಬಾ ಬೇರೆ ಯಾವ್ ಗಾಡೀನೂ ಬ್ಯಾಡ ಅಂತವ್ರೆ ಸಾರ್. ಮೇಷ್ಟ್ರು ಬೂದಿ ಗಾಡಿ ಬಂದ್ರೆ ಬತ್ತೀನಿ ಅಂತವ್ರೆ."

ಬೆಳಿಗ್ಗೆಯೇ ಸಿರಾ ಸೇರಿದೆ. ಬಿಳಿ ಟೋಪಿ ಹಾಗೇ ಇತ್ತು, ಅದರ ಕೆಳಗಿನ ಮುಖ ಅರ್ಧವಾಗಿತ್ತು. ನಾನು ಓಡಿಹೋಗಿ ಗೌರವದಿಂದ ಮುಂದಿನ ಬಾಗಿಲು ತೆಗೆದೆ. ಸಾಬ್ರು ನಿಂತು ನನ್ನನ್ನೇ ನೋಡಿದರು. "ಇನ್ನೂ ಪಾಸಾಗಿಲ್ವಲ್ಲ ಮೇಷ್ಟ್ರೆ ನೀವು!" ಎಂದು, ಚಪ್ಪಲಿ ಬಿಟ್ಟು, ನನ್ನ ಹಿಂದಿನ ಸೀಟಿಗೆ ಹೋಗಿ ಕೂತರು. ನಸೀಮಾ ಚಪ್ಪಲಿ ಎತ್ತಿಕೊಂಡು ಅವರ ಪಕ್ಕ ಕೂತಳು.

ಹೈವೇ ಹಿಡಿದು ಸ್ವಲ್ಪ ದೂರ ಹೋದ ಮೇಲೆ, "ಹೆಂಗಿದೆ ಸಾಬ್ರೇ?" ಎಂದೆ.

"ಚೆನ್ನಾಗೈತೆ ಮೇಷ್ಟ್ರೆ. ಓಡ್ಸಿ ನೀವು."

ಕನ್ನಡಿಯಲ್ಲಿ ನೋಡಿದೆ. ಬಾಯಿಯನ್ನಲ್ಲ. ಅವರ ಬಲಗೈ ಮೇಲಿನ ಹಿಡಿಯನ್ನು ಬೆರಳ ಗೆಣ್ಣು ಬೆಳ್ಳಗಾಗುವಂತೆ ಹಿಡಿದಿತ್ತು. ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ನನ್ನ ಸೀಟನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ, ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವವರೆಗೂ ಎಳೆದುಕೊಂಡೆ. ಡಿಕ್ಕಿಯಲ್ಲಿ ಅಮ್ಮನ ದಿಂಬು ಇನ್ನೂ ಇತ್ತು. ತಂದು ಅವರ ಪಕ್ಕೆಗೆ ಕೊಟ್ಟು, ಕಾಲು ಎತ್ತಿ ಚಾಚಿಸಿದೆ. ಸಾಬ್ರು ಬೇಡ ಎನ್ನಲಿಲ್ಲ. ತುಮಕೂರು ಬರುವ ಹೊತ್ತಿಗೆ ಆ ಕೈ ಹಿಡಿಯನ್ನು ಬಿಟ್ಟು, ತೊಡೆಯ ಮೇಲೆ ಬೆರಳು ಬಿಚ್ಚಿಕೊಂಡು ಮಲಗಿತ್ತು. ಅವರು ಕಣ್ಣು ಮುಚ್ಚಿದ್ದರು. ಪರೀಕ್ಷೆಯೋ ನಿದ್ದೆಯೋ ತಿಳಿಯಲಿಲ್ಲ.

ಹನ್ನೆರಡು ದಿನಕ್ಕೆ ಅವರನ್ನು ಆಂಬುಲೆನ್ಸಿನಲ್ಲಿ ಸಿರಾಕ್ಕೆ ತಂದರು. ಮಣ್ಣು ಕೊಟ್ಟು ಬಂದ ಮೇಲೆ ನಾನು ಆ ಶೆಡ್ಡಿನ ಕಡೆ ಹೋಗಿಲ್ಲ.

ಮೊನ್ನೆ ನಾನೂ ಜಯಳೂ ಕೊರಟಗೆರೆಗೆ ಹೋಗುತ್ತಿದ್ದೆವು. ಮುದುರಿಕೊಂಡು ಓಡಿಸುತ್ತಿದ್ದ ನನ್ನನ್ನು ಅವಳು ನೋಡಿ ನೋಡಿ, "ಸೀಟು ಹಿಂದಕ್ಕೆ ತಳ್ಕೊಳ್ಳಬಾರದಾ? ಹಿಂದೆ ಯಾರೂ ಇಲ್ವಲ್ರೀ" ಎಂದಳು.

"ಹೂಂ, ಯಾರೂ ಇಲ್ಲ" ಎಂದೆ. ಮೊಣಕಾಲು ನೋಯುತ್ತಿತ್ತು. ಸೀಟನ್ನು ಹಾಗೆಯೇ ಬಿಟ್ಟೆ.